ಸಹಾಯ ಬೇಕು: ರಾಂಚ್ ಕಥೆಗೆ ದನದ ವಿಷಯ ಗೊತ್ತಿರೋರು ಇದ್ದೀರಾ?

ಮೊಂಟಾನಾದ ದನದ ರಾಂಚಿನಲ್ಲಿ ಇಬ್ಬರು ಕೌಬಾಯ್‌ಗಳ ಪ್ರೇಮಕಥೆ ಬರೀತಿದ್ದೀನಿ, ಕನ್ನಡದಲ್ಲೇ. ಇಬ್ಬರೂ ಗಂಡಸರು. ಕೊನೆಗೆ ಯಾರೂ ಸಾಯಲ್ಲ, ಅಷ್ಟಂತೂ ಗ್ಯಾರಂಟಿ. ನೆವಾಡಾದ ರೀನೋದಲ್ಲಿ 1976ರಲ್ಲೇ ಗೇ ರೋಡಿಯೋ (ಗೇ ಕೌಬಾಯ್‌ಗಳ ಕುದುರೆ, ಗೂಳಿ ಸವಾರಿ ಸ್ಪರ್ಧೆ) ಶುರುವಾಗಿತ್ತಲ್ಲ, ಇವರ ಮೊದಲ ಭೇಟಿಯನ್ನ 1982ರಲ್ಲಿ ಅಲ್ಲೇ ಇಟ್ಟಿದ್ದೀನಿ.

ಸಿಕ್ಕಿಹಾಕಿಕೊಂಡಿರೋದು ಒಂದೇ ದೃಶ್ಯದಲ್ಲಿ. ಮಾರ್ಚ್ ತಿಂಗಳು, ಹಿಮ, ನಡುರಾತ್ರಿ. ಚೊಚ್ಚಲ ಹಸು, ಕರು ಹೊರಗೆ ಬರ್ತಿಲ್ಲ. ಕರುವಿನ ಮುಂಗಾಲಿನ ಗಿಣ್ಣಿನ ಮೇಲೊಂದು ಕೆಳಗೊಂದು ಸುತ್ತು ಸರಪಳಿ ಹಾಕಿ, ಹಸು ತಿಣುಕಿದಾಗ ಮಾತ್ರ ಎಳೀಬೇಕು, ಉಸಿರಾಡದಿದ್ರೆ ಮೂಗಿಗೆ ಹುಲ್ಲುಕಡ್ಡಿ ಆಡಿಸಬೇಕು. ಇಷ್ಟು ಬರೆದಿದ್ದೀನಿ. ಆದ್ರೆ ಆ ಹೊತ್ತಲ್ಲಿ ಇಬ್ಬರು ಒಬ್ಬರಿಗೊಬ್ಬರು ಏನು ಕೂಗ್ತಾರೆ, ಯಾರು ಎಲ್ಲಿ ನಿಲ್ತಾರೆ, ಕೈ ಎಷ್ಟು ಜಾರುತ್ತೆ? ನನಗೆ ನಿಜವಾದ ರೋಮ್ಯಾನ್ಸ್ ಇರೋದೇ ಅಲ್ಲಿ. ಮುತ್ತಿನ ದೃಶ್ಯ ಬರೆದಾಯ್ತು, ಅದು ಸುಲಭ.

ಪಶುವೈದ್ಯರು, ಹೈನು ಮಾಡೋರು, ಮೊಂಟಾನಾ-ವಯೋಮಿಂಗ್ ಕಡೆ ಇರೋ ಕನ್ನಡಿಗರು ಕಾಮೆಂಟಲ್ಲಿ ಹೇಳಿ. ಗೇ ಓದುಗರು ಯಾರಾದ್ರೂ ಕರಡು ಓದಿ ಮುಲಾಜಿಲ್ಲದೆ ಬೈಯೋಕೆ ಸಿದ್ಧ ಇದ್ರೆ ಇನ್‌ಬಾಕ್ಸ್ ಮಾಡಿ. "ಇದೆಲ್ಲ ಕನ್ನಡದಲ್ಲಿ ಬೇಕಾ" ಅನ್ನೋರು ದಯವಿಟ್ಟು ಸ್ಕ್ರೋಲ್ ಮಾಡ್ಕೊಂಡು ಹೋಗಿ.