ಹೊಸ ರೇಸ್ ಚಾಲಕರಿಗೆ ಸೀಟು ದಕ್ಕುವುದು ಪ್ರತಿಭೆಯಿಂದಲೋ, ಹಣದಿಂದಲೋ?

ಸರಸ್ವತಿಪುರಂ ಓದುಗ:
2025ರಲ್ಲಿ ಆಂಟೊನೆಲ್ಲಿ, ಬೇರ್‌ಮನ್, ಬೊರ್ಟೊಲೆಟೊ, ಹಜಾರ್, ಡೂಹನ್ ಹೀಗೆ ಒಂದು ಹಿಂಡು ಹೊಸಬರು ಫಾರ್ಮುಲಾ ಒನ್ ಸೀಟು ಹಿಡಿದ ಮೇಲೆ, ದುಡ್ಡು ಕೊಟ್ಟು ಸೀಟು ಕೊಳ್ಳುವವರ ಕಾಲ ಮುಗಿಯಿತು, ಇನ್ನು ಪ್ರತಿಭೆಯದೇ ಆಟ ಎಂಬ ಮಾತನ್ನು ಮೈಸೂರಿನ ರೇಸ್ ಪ್ರಿಯರ ನಡುವೆ ಪದೇ ಪದೇ ಕೇಳುತ್ತಿದ್ದೇನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಫಾರ್ಮುಲಾ ಒನ್‌ಗೆ ಸ್ವಲ್ಪ ಕೆಳಗಿನ ಮೆಟ್ಟಿಲಾದ ಫಾರ್ಮುಲಾ 2 ಸರಣಿಯನ್ನು 2022ರಲ್ಲಿ ಗೆದ್ದ ಫೆಲಿಪೆ ಡ್ರುಗೊವಿಚ್ ಮತ್ತು 2023ರಲ್ಲಿ ಗೆದ್ದ ಥಿಯೊ ಪೂರ್ಶೇರ್ ಇಬ್ಬರಿಗೂ ಫಾರ್ಮುಲಾ ಒನ್‌ನಲ್ಲಿ ರೇಸ್ ಸೀಟು ಸಿಗಲಿಲ್ಲ. ಅದೇ ಹೊತ್ತಿಗೆ, ತಂದೆಯ ಕಂಪನಿಯ ಹೆಸರನ್ನು ಕಾರಿನ ಮೇಲೆ ಹೊತ್ತು ಬಂದ ನಿಕಿತಾ ಮಝೆಪಿನ್ 2021ರಲ್ಲಿ ಹಾಸ್ ತಂಡದಲ್ಲಿ ಒಂದು ಅಂಕವನ್ನೂ ಗಳಿಸದೆ ಹೆಚ್ಚುಕಡಿಮೆ ಇಡೀ ವರ್ಷ ಕಾರು ಓಡಿಸಿದರು. ನನ್ನನ್ನು ಹೆಚ್ಚು ಕಾಡುವುದು 2018ರ ಪ್ರಸಂಗ. ಲಾರೆನ್ಸ್ ಸ್ಟ್ರೋಲ್ ಅವರ ಕೂಟ ಫೋರ್ಸ್ ಇಂಡಿಯಾ ತಂಡವನ್ನು ಕೊಂಡ ಮೇಲೆ 2019ಕ್ಕೆ ಅವರ ಮಗ ಲ್ಯಾನ್ಸ್ ಆ ತಂಡಕ್ಕೆ ಬಂದರು, ಮತ್ತು ಮಗನ ರೇಸಿಂಗ್‌ಗಾಗಿ ಮನೆ ಮಾರಿ ಕಾರವಾನ್‌ನಲ್ಲಿ ಬದುಕಿದ ದಂಪತಿಗಳ ಮಗ ಎಸ್ತೆಬಾನ್ ಒಕಾನ್ ಆ ವರ್ಷ ಸೀಟಿಲ್ಲದೆ ಹೊರಗೆ ಕೂತರು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೇನು ಬೇಕು?

ಲಲಿತಾದ್ರಿಪುರದ ರ‍್ಯಾಲಿ ಅಭಿಮಾನಿ:
ತಾವು ಕೊಟ್ಟ ಉದಾಹರಣೆಗಳೆಲ್ಲ ನಿಜ, ಆದರೆ ಅವುಗಳಿಂದ ತಾವು ತಲುಪಿದ ತೀರ್ಮಾನ ನಿಲ್ಲುವುದಿಲ್ಲ. 2017ರಿಂದ 2024ರವರೆಗಿನ ಫಾರ್ಮುಲಾ 2 ಚಾಂಪಿಯನ್ನರನ್ನು ಸಾಲಾಗಿ ನೋಡಿ: ಲೆಕ್ಲೇರ್, ರಸೆಲ್, ಡಿ ವ್ರೀಸ್, ಮಿಕ್ ಶುಮಾಕರ್, ಪಿಯಾಸ್ಟ್ರಿ, ಡ್ರುಗೊವಿಚ್, ಪೂರ್ಶೇರ್, ಬೊರ್ಟೊಲೆಟೊ. ಈ ಎಂಟು ಮಂದಿಯಲ್ಲಿ ಆರು ಮಂದಿಗೆ ಸೀಟು ಸಿಕ್ಕಿದೆ. ಇಡೀ ಜಗತ್ತಿಗೆ ಇಪ್ಪತ್ತೇ ಸೀಟುಗಳಿದ್ದ ಆಟದಲ್ಲಿ, ಅದರಲ್ಲೂ ಹಳಬರು ಜಾಗ ಬಿಡದ ವರ್ಷಗಳಲ್ಲಿ, ಇದು ಕಡಿಮೆ ಪ್ರಮಾಣವಲ್ಲ.

ಹಣ ತಂದವರೆಲ್ಲ ಅಯೋಗ್ಯರು ಎಂಬ ಗ್ರಹಿಕೆಯನ್ನಂತೂ ಇತಿಹಾಸವೇ ಅಲ್ಲಗಳೆಯುತ್ತದೆ. ನಿಕಿ ಲೌಡಾ ಬ್ಯಾಂಕ್ ಸಾಲ ಮಾಡಿ ಸೀಟು ಕೊಂಡವರು. ಮುಂದೆ 1975, 1977 ಮತ್ತು 1984ರಲ್ಲಿ ವಿಶ್ವ ಚಾಂಪಿಯನ್ ಆದರು. 1991ರಲ್ಲಿ ಬೆಲ್ಜಿಯಂನಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಮೈಕೆಲ್ ಶುಮಾಕರ್ ಕೂತದ್ದು ಮರ್ಸಿಡಿಸ್ ಹಣ ಕಟ್ಟಿದ್ದರಿಂದ. ವೆನೆಜುವೆಲಾದ ತೈಲ ಕಂಪನಿಯ ಬೆಂಬಲದಿಂದ ಬಂದ ಪಾಸ್ಟರ್ ಮಾಲ್ಡೊನಾಡೊ ಅವರನ್ನು ಎಷ್ಟೋ ಜನ ಹಗುರವಾಗಿ ಕಂಡರು, ಆದರೆ 2012ರ ಸ್ಪೇನ್ ರೇಸ್‌ನಲ್ಲಿ ಅಲೊನ್ಸೊ ಅವರನ್ನು ಅವರ ತವರಿನಲ್ಲೇ ಹಿಂದಿಟ್ಟು ವಿಲಿಯಮ್ಸ್‌ಗೆ ಗೆಲುವು ತಂದವರು ಅವರೇ. ಅವರು ಫಾರ್ಮುಲಾ 2ರ ಹಿಂದಿನ ರೂಪವಾದ ಜಿಪಿ2ರಲ್ಲಿ 2010ರ ಚಾಂಪಿಯನ್ ಕೂಡ ಹೌದು. ಸ್ವತಃ ಲ್ಯಾನ್ಸ್ ಸ್ಟ್ರೋಲ್ 2016ರಲ್ಲಿ ಯುರೋಪಿಯನ್ ಫಾರ್ಮುಲಾ 3 ಗೆದ್ದೇ ಬಂದವರು. 2017ರಲ್ಲಿ ಬಾಕುವಿನಲ್ಲಿ ವೇದಿಕೆ ಏರಿದರು, 2020ರಲ್ಲಿ ಟರ್ಕಿಯ ಮಳೆಯಲ್ಲಿ ಪೋಲ್, ಅಂದರೆ ರೇಸ್ ಆರಂಭಕ್ಕೆ ಮೊದಲ ಸ್ಥಾನ, ಪಡೆದರು. ಇದನ್ನು ಯಾರ ಚೆಕ್‌ಬುಕ್ಕೂ ಮಾಡಲಾರದು.

ಇನ್ನೊಂದು ಸಂಗತಿ. 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂದಿದೆ. ಮೊದಲು ಸಣ್ಣ ತಂಡವೊಂದು ವರ್ಷವನ್ನು ದಾಟಿಸಲು ಚಾಲಕ ತರುವ ಹಣವನ್ನೇ ನೆಚ್ಚಿಕೊಳ್ಳಬೇಕಿತ್ತು. ಈಗ ಅಷ್ಟು ಒತ್ತಡವಿಲ್ಲ. ಒಂದೊಂದು ಅಂಕಕ್ಕೂ ಬಹುಮಾನದ ಹಣದಲ್ಲಿ ವ್ಯತ್ಯಾಸವಾಗುವಾಗ ನಿಧಾನದ ಚಾಲಕನನ್ನು ಇಟ್ಟುಕೊಳ್ಳುವುದೇ ತಂಡಕ್ಕೆ ನಷ್ಟ.

ಸರಸ್ವತಿಪುರಂ ಓದುಗ:
ಸ್ಟ್ರೋಲ್ ಅವರ ಸಾಧನೆಯನ್ನು ನಾನು ಅಳಿಸಿಹಾಕುತ್ತಿಲ್ಲ. ಆದರೆ 2017ರಲ್ಲಿ ಅವರ ಮೊದಲ ಫಾರ್ಮುಲಾ ಒನ್ ರೇಸ್‌ಗೂ ಮುನ್ನ, 2014ರ ವಿಲಿಯಮ್ಸ್ ಕಾರಿನಲ್ಲಿ ಹಲವು ಟ್ರ್ಯಾಕ್‌ಗಳ ಮೇಲೆ ಅವರಿಗಾಗಿಯೇ ಖಾಸಗಿ ಪರೀಕ್ಷಾ ಓಟಗಳು ನಡೆದಿದ್ದವು. ಅಂಥ ಸಿದ್ಧತೆ ಸಿಕ್ಕಿದ ಹೊಸಬನನ್ನೂ, ಸಿಗದ ಹೊಸಬನನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ? ತಾವು ಫಲಿತಾಂಶದ ಪಟ್ಟಿಯನ್ನು ಓದುತ್ತಿದ್ದೀರಿ. ಆ ಪಟ್ಟಿ ಹೇಗೆ ತಯಾರಾಯಿತು ಎಂಬುದು ನನ್ನ ಪ್ರಶ್ನೆ.

ಮಂಡ್ಯ ಗ್ಯಾರೇಜ್:
ಇಬ್ಬರೂ ಏಣಿಯ ಕೊನೆಯ ಮೆಟ್ಟಿಲಿನ ಮೇಲೆ ನಿಂತು ವಾದಿಸುತ್ತಿದ್ದೀರಿ ಎಂದು ನನಗನ್ನಿಸುತ್ತದೆ. ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ನನ್ನದು, ಆದ್ದರಿಂದ ಕೆಳಗಿನ ಮೆಟ್ಟಿಲ ಲೆಕ್ಕವನ್ನು ಹೇಳುತ್ತೇನೆ.

ಮಗು ಏಳೆಂಟು ವರ್ಷಕ್ಕೆ ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಹತ್ತುತ್ತದೆ. ಒಂದೇ ಬಗೆಯ ಇಂಜಿನ್ ಎಂದು ನಿಯಮ ಹೇಳಿದರೂ ಎರಡು ಇಂಜಿನ್‌ಗಳು ಒಂದೇ ತೆರನಾಗಿ ಎಳೆಯುವುದಿಲ್ಲ. ಐದಾರು ಇಂಜಿನ್ ಕೊಂಡು ಅದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳಬಲ್ಲ ಮನೆಗೂ, ಸಿಕ್ಕಿದ ಒಂದರಲ್ಲೇ ತೃಪ್ತಿಪಡಬೇಕಾದ ಮನೆಗೂ ಅಲ್ಲೇ ಅಂತರ ಬೀಳುತ್ತದೆ. ಹೊಸ ಟೈರ್ ಹಾಕಿದ ಕಾರ್ಟ್ ಸುತ್ತಿಗೆ ಕೆಲವು ದಶಾಂಶ ಸೆಕೆಂಡ್ ಮುಂದೆ ಇರುತ್ತದೆ, ಮತ್ತು ಆ ಟೈರ್ ಅದೇ ದಿನ ಸಂಜೆಗೆ ಸವೆದಿರುತ್ತದೆ. ಅಭ್ಯಾಸದ ದಿನಗಳಿಗೆ ಟ್ರ್ಯಾಕ್ ಬಾಡಿಗೆ, ಮೆಕ್ಯಾನಿಕ್‌ನ ಸಂಬಳ, ದತ್ತಾಂಶ ಓದಿ ಎಲ್ಲಿ ಬ್ರೇಕ್ ತಡವಾಯಿತು ಎಂದು ಹೇಳಿಕೊಡುವವರ ಸಂಬಳ ಎಲ್ಲವೂ ಬೇರೆ. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಇಬ್ಬರು ಮಕ್ಕಳ ನಡುವೆ ಕಾಣುವ ವ್ಯತ್ಯಾಸವನ್ನು ನಾವು ಪ್ರತಿಭೆ ಎಂದು ಕರೆಯುತ್ತೇವೆ, ಆದರೆ ಅದರಲ್ಲಿ ಅರ್ಧದಷ್ಟು ಓಡಿಸಿದ ಕಿಲೋಮೀಟರ್‌ಗಳ ವ್ಯತ್ಯಾಸವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಫಾರ್ಮುಲಾ 2ರ ಒಂದು ಋತುವಿಗೆ ಇಪ್ಪತ್ತು ಲಕ್ಷ ಯೂರೋಗೂ ಮಿಗಿಲಾದ ಹಣ ಬೇಕು ಎಂದು ರೇಸ್ ವಲಯದಲ್ಲೇ ಹೇಳುತ್ತಾರೆ. ಆ ಮೊತ್ತವನ್ನು ಕಂಡು ನಾವು ಬೆರಗಾಗುವ ಹೊತ್ತಿಗೆ ನಮ್ಮ ಕಡೆಯ ಮಕ್ಕಳು ಆಟದಿಂದ ಹೊರಗಾಗಿ ಹತ್ತು ವರ್ಷ ಕಳೆದಿರುತ್ತದೆ.

ನಮ್ಮ ಮಂಡ್ಯ ಸೀಮೆಯ ಜೋಡೆತ್ತಿನ ಗಾಡಿ ಓಟವನ್ನು ನೋಡಿದವರಿಗೆ ಇದು ಹೊಸದಲ್ಲ. ಲಕ್ಷಗಟ್ಟಲೆ ಕೊಟ್ಟು ಹಳ್ಳಿಕಾರ್ ಜೋಡಿ ತಂದು, ವರ್ಷವಿಡೀ ಮೇಯಿಸಿ ತಯಾರು ಮಾಡಿದವನ ಗಾಡಿಗೆ ಎಂಥ ಚತುರ ಸವಾರನಾದರೂ ಬಡ ಎತ್ತು ಹೂಡಿ ಸಮನಾಗಲಾರ. ಆದರೆ ಒಳ್ಳೆಯ ಜೋಡಿಗಳು ನಾಲ್ಕು ಒಟ್ಟಿಗೆ ನಿಂತಾಗ ಗೆಲ್ಲಿಸುವುದು ಸವಾರನ ಕೈಯೇ. ಲಲಿತಾದ್ರಿಪುರದವರು ನೋಡುತ್ತಿರುವುದು ಆ ನಾಲ್ಕು ಜೋಡಿಗಳ ಓಟವನ್ನು ಮಾತ್ರ.

ಲಲಿತಾದ್ರಿಪುರದ ರ‍್ಯಾಲಿ ಅಭಿಮಾನಿ:
ಹಾಗಾದರೆ ಲೂಯಿಸ್ ಹ್ಯಾಮಿಲ್ಟನ್ ಅವರನ್ನು ತಾವು ಎಲ್ಲಿ ಇಡುತ್ತೀರಿ? ತಂದೆ ಹಲವು ಕೆಲಸ ಮಾಡಿ ಕಾರ್ಟಿಂಗ್ ಖರ್ಚು ತೂಗಿಸಿದರು, 1998ರಲ್ಲಿ ಹದಿಮೂರರ ಹುಡುಗನನ್ನು ಮೆಕ್ಲಾರೆನ್ ತನ್ನ ಆಸರೆಗೆ ತೆಗೆದುಕೊಂಡಿತು. ಇಸಾಕ್ ಹಜಾರ್ ವಿಜ್ಞಾನಿಯ ಮಗ, ರೆಡ್ ಬುಲ್ ಆರಿಸಿ ಬೆಳೆಸಿದ ಹುಡುಗ. 2025ರಲ್ಲಿ ಜಾಂಡ್‌ವೋರ್ಟ್‌ನಲ್ಲಿ ಮೂರನೆಯ ಸ್ಥಾನ ಪಡೆದರು. ತಂಡಗಳು ಎಳೆಯ ಚಾಲಕರನ್ನು ಬೆಳೆಸಲು ನಡೆಸುವ ಅಕಾಡೆಮಿಯ ಹಣವೂ ಹಣವೇ, ಒಪ್ಪುತ್ತೇನೆ. ಆದರೆ ಆ ಹಣವನ್ನು ಯಾರಿಗೆ ಸುರಿಯಬೇಕೆಂದು ತೀರ್ಮಾನಿಸುವುದು ತಂದೆಯ ಪ್ರೀತಿಯಲ್ಲ, ಸುತ್ತಿನ ಸಮಯ. ವೇಗವಿಲ್ಲದ ಹುಡುಗನನ್ನು ಅದೇ ಅಕಾಡೆಮಿ ಮುಲಾಜಿಲ್ಲದೆ ಕೈಬಿಡುತ್ತದೆ. ಈ ಭೇದವನ್ನು ಅಳಿಸಿ ಎಲ್ಲವನ್ನೂ ದುಡ್ಡು ಎಂದು ಒಂದೇ ಚೀಲಕ್ಕೆ ತುಂಬಿದರೆ ನಿಜವಾಗಿ ದುಡಿದು ಬಂದ ಹುಡುಗರಿಗೆ ಅನ್ಯಾಯವಾಗುತ್ತದೆ.

ಮೇಲಾಗಿ ಕಾರ್ ರೇಸಿಂಗ್‌ನ ವಿಶ್ವ ಆಡಳಿತ ಸಂಸ್ಥೆಯಾದ ಎಫ್‌ಐಎ, ಫಾರ್ಮುಲಾ ಒನ್‌ನಲ್ಲಿ ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ 2016ರಿಂದ ಮೂರು ವರ್ಷಗಳಲ್ಲಿ 40 ಅಂಕ ಬೇಕೆಂದು ನಿಯಮ ಮಾಡಿದೆ. ಈಗ ಹಣವಿದ್ದ ಮಾತ್ರಕ್ಕೆ ಯಾರೂ ಕಾರಿಗೆ ಹತ್ತಲಾಗುವುದಿಲ್ಲ.

ಮಂಡ್ಯ ಗ್ಯಾರೇಜ್:
ಆ ನಿಯಮವೇ ನನ್ನ ವಾದಕ್ಕೆ ದೊಡ್ಡ ಆಧಾರ. 2001ರಲ್ಲಿ ಕಿಮಿ ರೈಕೊನೆನ್ ಬರೀ 23 ಕಾರ್ ರೇಸ್‌ಗಳ ಅನುಭವ ಹೊತ್ತು ಸೌಬರ್ ತಂಡಕ್ಕೆ ಬಂದರು. ತಂಡದ ಯಜಮಾನರು ಪರೀಕ್ಷೆಯಲ್ಲಿ ಹುಡುಗನ ವೇಗ ಕಂಡರು, ನಂಬಿದರು, ತಾತ್ಕಾಲಿಕ ಲೈಸೆನ್ಸ್ ಕೊಡಿಸಿದರು. ಮೆಲ್ಬರ್ನ್‌ನ ಮೊದಲ ರೇಸ್‌ನಲ್ಲೇ ಅವರು ಆರನೆಯವರಾಗಿ ಅಂಕ ಗಳಿಸಿದರು. ಇಂದು ಅಂಥ ಹುಡುಗ ಹುಟ್ಟಿ ಬಂದರೆ ಫಾರ್ಮುಲಾ 4, ಫಾರ್ಮುಲಾ 3, ಫಾರ್ಮುಲಾ 2 ಎಂದು ಪ್ರತಿ ಮೆಟ್ಟಿಲಿಗೂ ಶುಲ್ಕ ಕಟ್ಟಿಯೇ ಹತ್ತಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂವರಿಗೆ 40 ಅಂಕ ಸಿಕ್ಕರೆ ಫಾರ್ಮುಲಾ 4ರ ಚಾಂಪಿಯನ್‌ಗೆ ಸಿಗುವುದು 12. ಅಂಕಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲೇ ಖರ್ಚೂ ದಟ್ಟವಾಗಿದೆ. ಅಸಮರ್ಥರನ್ನು ತಡೆಯಲು ಕಟ್ಟಿದ ಗೋಡೆ ಮಝೆಪಿನ್ ಅವರನ್ನು ತಡೆಯಲಿಲ್ಲ, ಏಕೆಂದರೆ ಫಾರ್ಮುಲಾ 2ರಲ್ಲಿ ವರ್ಷಗಟ್ಟಲೆ ಓಡಿಸಿ ಅಂಕ ಕೂಡಿಸುವ ಶಕ್ತಿ ಅವರ ಮನೆಗಿತ್ತು.

ಹ್ಯಾಮಿಲ್ಟನ್ ಅವರ ಮಾತಿಗೆ ಬಂದರೆ, ಅಂಥ ಉದಾಹರಣೆ ಕೇಳಿದಾಗಲೆಲ್ಲ ಎಲ್ಲರ ಬಾಯಲ್ಲೂ ಅದೇ ಹೆಸರು ಬರುತ್ತದೆ. ಇನ್ನೂ ಹತ್ತು ಹೆಸರನ್ನು ಅಷ್ಟೇ ಸುಲಭವಾಗಿ ಹೇಳಲು ನಮಗೆ ಸಾಧ್ಯವೇ?

ಕುವೆಂಪುನಗರದ ತಾಯಿ:
ಮಗಳನ್ನು ಕಾರ್ಟಿಂಗ್‌ಗೆ ಕರೆದೊಯ್ಯುವ ತಾಯಿಯಾಗಿ ಬರೆಯುತ್ತಿದ್ದೇನೆ. ಮೈಸೂರಿನಲ್ಲಿ ಸ್ಪರ್ಧೆಯ ಮಟ್ಟದ ಅಭ್ಯಾಸಕ್ಕೆ ಬೇಕಾದ ಟ್ರ್ಯಾಕ್ ಇಲ್ಲದ್ದರಿಂದ ಬೆಂಗಳೂರಿಗೆ ಹೋಗುತ್ತೇವೆ, ಮುಂದಿನ ಹಂತಕ್ಕೆ ಕೊಯಮತ್ತೂರು ಅಥವಾ ಚೆನ್ನೈ ದಾರಿ ಹಿಡಿಯಬೇಕು. ನಾವು ಶ್ರೀಮಂತರಲ್ಲ, ಇಬ್ಬರೂ ಸಂಬಳಕ್ಕೆ ದುಡಿಯುವವರು. ಆದರೂ ಟ್ರ್ಯಾಕ್ ಪಕ್ಕದಲ್ಲಿ ನಿಂತಾಗ, ಅಲ್ಲಿಗೆ ಬರಲಾಗದ ಎಷ್ಟು ಮಕ್ಕಳ ಎದುರು ನನ್ನ ಮಗಳು ಸ್ಪರ್ಧಿಸಬೇಕಾಗಿಲ್ಲ ಎಂಬುದು ನನಗೆ ಚೆನ್ನಾಗಿ ತಿಳಿದಿದೆ. ಹಾಗೆಂದು, ಮಳೆಯಲ್ಲಿ ಜಾರುವ ತಿರುವನ್ನು ಹೆದರದೆ ಹಿಡಿಯುವ ಆ ಮಗುವಿನ ಧೈರ್ಯವನ್ನು ಅಪ್ಪನ ದುಡ್ಡು ಎಂದು ಯಾರಾದರೂ ತಳ್ಳಿಹಾಕಿದರೆ ನಾನು ಸುಮ್ಮನಿರಲಾರೆ.

ಹಣದ ಅಡ್ಡಿಯನ್ನು ತೆಗೆದು ನೋಡಿದ ಒಂದು ಪ್ರಯೋಗ ನಮ್ಮ ಕಣ್ಣೆದುರೇ ನಡೆದಿದೆ. 2019ರಲ್ಲಿ ಆರಂಭವಾದ ಡಬ್ಲ್ಯೂ ಸೀರೀಸ್‌ನಲ್ಲಿ ಮಹಿಳಾ ಚಾಲಕರು ಸೀಟಿಗೆ ಹಣ ಕೊಡಬೇಕಾಗಿರಲಿಲ್ಲ. ಪರೀಕ್ಷೆಯಲ್ಲಿ ಆಯ್ಕೆಯಾದರೆ ಸಾಕಿತ್ತು. ಜೇಮಿ ಚಾಡ್ವಿಕ್ ಅಲ್ಲಿ ನಡೆದ ಮೂರೂ ಋತುಗಳ ಪ್ರಶಸ್ತಿಯನ್ನು ಗೆದ್ದರು. ಆಮೇಲೆ ಆದದ್ದೇನು? ಹಣ ಬತ್ತಿ 2022ರ ಋತು ಅರ್ಧಕ್ಕೇ ನಿಂತಿತು, ಮೂರು ಬಾರಿಯ ಚಾಂಪಿಯನ್‌ಗೆ ಯುರೋಪಿನ ಫಾರ್ಮುಲಾ 3ರಲ್ಲಿ ಜಾಗವಾಗಲಿಲ್ಲ, ಅವರು ಅಮೆರಿಕಕ್ಕೆ ಹೋಗಿ 2024ರಲ್ಲಿ ಅಲ್ಲಿನ ಇಂಡಿಕಾರ್‌ಗೆ ಕೆಳಗಿನ ಮೆಟ್ಟಿಲಾದ ಇಂಡಿ ಎನ್‌ಎಕ್ಸ್‌ಟಿಯಲ್ಲಿ ರೇಸ್ ಗೆದ್ದು ತೋರಿಸಿದರು. ಪ್ರತಿಭೆ ಇತ್ತೆಂಬುದಕ್ಕೆ ಆ ಗೆಲುವು ಸಾಕ್ಷಿ. ಮುಂದಿನ ಬಾಗಿಲು ತೆರೆಯಲು ಅದಷ್ಟೇ ಸಾಲಲಿಲ್ಲ.

ಸರಸ್ವತಿಪುರಂ ಓದುಗ:
ಕುವೆಂಪುನಗರದವರ ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರವಾಯಿತು. ನಮ್ಮ ದೇಶದವರ ಹಾದಿಯನ್ನು ನೋಡಿದರೂ ಇದೇ ಕಾಣುತ್ತದೆ. 2005ರಲ್ಲಿ ಜೋರ್ಡನ್ ತಂಡದ ಮೂಲಕ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕರಾದ ನಾರಾಯಣ್ ಕಾರ್ತಿಕೇಯನ್ ಅವರ ಹಿಂದೆ ಟಾಟಾ ನಿಂತಿತ್ತು. 2010ರಲ್ಲಿ ಕರುಣ್ ಚಾಂಧೋಕ್ ಬಂದರು. ಆಮೇಲೆ ಜೆಹಾನ್ ದಾರುವಾಲಾ ಫಾರ್ಮುಲಾ 2ರಲ್ಲಿ ರೇಸ್‌ಗಳನ್ನು ಗೆದ್ದರೂ ಮೇಲಿನ ಸೀಟು ಸಿಗಲಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟೆವು. ಇವರ ಸಾಮರ್ಥ್ಯ ದೊಡ್ಡದು, ಆದರೆ ಇವರಲ್ಲಿ ಒಬ್ಬರಾದರೂ ನಮ್ಮ ನಂಜನಗೂಡು, ಪಾಂಡವಪುರದಂಥ ಊರಿನ ಸಾಧಾರಣ ಮನೆಯಿಂದ ಬಂದಿದ್ದರೆ ಆ ಹೆಮ್ಮೆ ಬೇರೆಯದೇ ಆಗಿರುತ್ತಿತ್ತು.

ಯಾದವಗಿರಿ ಹಿರಿಯ:
ಎಲ್ಲರೂ ನಾಲ್ಕು ಚಕ್ರದ ಬಗ್ಗೆಯೇ ಮಾತಾಡುತ್ತಿರುವುದರಿಂದ ಎರಡು ಚಕ್ರದ ಪರವಾಗಿ ನಾನು ಬರೆಯಬೇಕಾಗಿದೆ. ಐಡಿಯಲ್ ಜಾವಾ ಕಾರ್ಖಾನೆ ನಮ್ಮ ಯಾದವಗಿರಿಯಲ್ಲಿ 1996ರವರೆಗೆ ನಡೆಯಿತು, ಮತ್ತು ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳು ಚೆನ್ನೈ ಬಳಿಯ ಶೋಲಾವರಂ ರೇಸ್‌ಗಳಲ್ಲಿ ಓಡುತ್ತಿದ್ದವು. ದಿನವೂ ಕೆಲಸಕ್ಕೆ ಹತ್ತುವ ಗಾಡಿಯನ್ನೇ ಬಿಗಿಮಾಡಿಕೊಂಡು ರೇಸ್‌ಗೆ ಹೋಗಬಹುದಾಗಿದ್ದ ಕಾಲ ಅದು. ಇಂದಿಗೂ ಬೈಕ್ ರೇಸಿಂಗ್‌ನಲ್ಲಿ ಸಾಧಾರಣ ಮನೆಯ ಹುಡುಗ ಹುಡುಗಿಯರಿಗೆ ಕಿಂಡಿ ಮುಚ್ಚಿಲ್ಲ, ಏಕೆಂದರೆ ಖರ್ಚು ಹೊರುವುದು ಕಂಪನಿ. ಕಡಕೊಳದಲ್ಲಿ ಕಾರ್ಖಾನೆ ಇರುವ ಟಿವಿಎಸ್ ಎಲ್ಲರೂ ಒಂದೇ ಬಗೆಯ ಗಾಡಿ ಓಡಿಸುವ ತನ್ನ ಒನ್ ಮೇಕ್ ಸ್ಪರ್ಧೆಗೆ ಆಯ್ಕೆ ಸುತ್ತು ನಡೆಸಿ, ಸುತ್ತಿನ ಸಮಯ ಮತ್ತು ದೇಹದಾರ್ಢ್ಯ ನೋಡಿ ಸವಾರರನ್ನು ಆರಿಸುತ್ತದೆ, ಗಾಡಿಯನ್ನು ತಾನೇ ಕೊಡುತ್ತದೆ. ಆ ತಂಡದ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಕೇರಳದ ಹರಿತ್ ನೋವಾ 2024ರ ಡಕಾರ್‌ನಲ್ಲಿ ರ‍್ಯಾಲಿ 2 ವರ್ಗ ಗೆದ್ದರು. ಸೀಟಿಗೆ ಬೆಲೆ ಕಟ್ಟದ ಕಡೆ ಪ್ರತಿಭೆ ಹೇಗೆ ಮೇಲೆ ಬರುತ್ತದೆ ಎಂಬುದನ್ನು ತಿಳಿಯಲು ಯುರೋಪಿಗೆ ಹೋಗಬೇಕಿಲ್ಲ.

ಲಲಿತಾದ್ರಿಪುರದ ರ‍್ಯಾಲಿ ಅಭಿಮಾನಿ:
ಹಿರಿಯರ ಮಾತಿನಲ್ಲಿ ನನಗೆ ಬೇಕಾದದ್ದೇ ಇದೆ: ಕಂಪನಿ ಹಣ ಹಾಕಿದರೂ ಆಯ್ಕೆ ಮಾಡಿದ್ದು ಗಡಿಯಾರ. ಕಾರ್ ರೇಸಿಂಗ್ ಅದೇ ದಿಕ್ಕಿಗೆ ಹೊರಳುತ್ತಿದೆ ಎಂದು ನಾನು ಈಗಲೂ ನಂಬುತ್ತೇನೆ. 2011ರಲ್ಲಿ ವಿಡಿಯೊ ಗೇಮ್ ಸ್ಪರ್ಧೆ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡೆನ್‌ಬರೊ ನಿಜವಾದ ಕಾರುಗಳಲ್ಲಿ ವೃತ್ತಿಪರ ಚಾಲಕರಾದರು. ಸಿಮ್ಯುಲೇಟರ್ ಅಗ್ಗವಾದಂತೆ ಆರಂಭದ ಅಭ್ಯಾಸವೂ ಅಗ್ಗವಾಗುತ್ತದೆ.

ಮಂಡ್ಯ ಗ್ಯಾರೇಜ್:
ಸಿಮ್ಯುಲೇಟರ್ ದಾರಿ ಕಲಿಸುತ್ತದೆ, ಬ್ರೇಕ್ ಒತ್ತುವ ಬಿಂದುವನ್ನು ಕಲಿಸುತ್ತದೆ. ಟೈರ್ ಕಾದು ಹಿಡಿತ ಬಿಡುವಾಗ ಬೆನ್ನಿಗೆ ತಿಳಿಯುವ ಸಂಗತಿಯನ್ನು ಕಲಿಸುವುದಿಲ್ಲ. ಅದಕ್ಕೆ ಟ್ರ್ಯಾಕ್ ಬೇಕು. ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ ಕಾರ್ಖಾನೆ 1997ರಲ್ಲಿ ಜೆಕೆ ಟೈರ್ ಪಾಲಾಯಿತು, ಆ ಕಂಪನಿ ದಶಕಗಳಿಂದ ರಾಷ್ಟ್ರೀಯ ರೇಸಿಂಗ್‌ಗೆ ಬೆನ್ನೆಲುಬಾಗಿದೆ. ಟೈರ್ ಮಾಡುವ ಊರಿನಲ್ಲಿ, ಬೈಕ್ ಮಾಡುವ ಊರಿನಲ್ಲಿ ಮಕ್ಕಳು ಕಡಿಮೆ ಶುಲ್ಕಕ್ಕೆ ಓಡಿಸಬಹುದಾದ ಒಂದು ಸಾರ್ವಜನಿಕ ಕಾರ್ಟಿಂಗ್ ಟ್ರ್ಯಾಕ್ ಕಟ್ಟಲು ಸರ್ಕಾರವೂ ಕೈಗಾರಿಕೆಗಳೂ ಕೂಡಿದರೆ ಅಸಾಧ್ಯವೇನಲ್ಲ. ನನ್ನ ಬೇಡಿಕೆ ಅಷ್ಟೇ.

ಕುವೆಂಪುನಗರದ ತಾಯಿ:
ಆ ಬೇಡಿಕೆಗೆ ನನ್ನ ಸಹಿಯೂ ಇರಲಿ. ಮನವಿಯ ಕರಡನ್ನು ನಾನೇ ಬರೆದು ಇಲ್ಲಿ ಹಾಕುತ್ತೇನೆ, ತಿದ್ದುಪಡಿ ಇದ್ದರೆ ಹೇಳಿ. ಯಾದವಗಿರಿಯ ಹಿರಿಯರಲ್ಲಿ ಒಂದು ಪ್ರಶ್ನೆ: ಬೈಕ್ ಆಯ್ಕೆ ಸುತ್ತಿಗೆ ಹೆಣ್ಣುಮಕ್ಕಳೂ ಹೋಗಬಹುದೇ, ಮತ್ತು ಅಲ್ಲಿಗೆ ಹೋಗುವ ಮೊದಲು ಏನೆಲ್ಲ ಕಲಿತಿರಬೇಕು?

ಯಾದವಗಿರಿ ಹಿರಿಯ:
ಖಂಡಿತ ಹೋಗಬಹುದು, ಮಹಿಳೆಯರಿಗೆ ಪ್ರತ್ಯೇಕ ವಿಭಾಗವೇ ಇದೆ. ಹೆಲ್ಮೆಟ್, ಚರ್ಮದ ಸೂಟ್, ಬೂಟು ಇವುಗಳಲ್ಲಿ ಕಡಿಮೆ ಬೆಲೆಗೆ ಕೈಹಾಕಬೇಡಿ. ವಯಸ್ಸು ತುಂಬುವವರೆಗೆ ಮಗಳು ಕಾರ್ಟಿಂಗ್ ಬಿಡದಿರಲಿ, ತಿರುವಿನಲ್ಲಿ ಸರಿಯಾದ ದಾರಿ ಹಿಡಿಯುವ ಅಭ್ಯಾಸ ಎರಡಕ್ಕೂ ಒದಗುತ್ತದೆ. ಮುಂದಿನ ಆಯ್ಕೆಯ ಪ್ರಕಟಣೆ ಬಂದ ಕೂಡಲೇ ಇಲ್ಲಿ ತಿಳಿಸುತ್ತೇನೆ.