ಬಾಕ್ಸಿಂಗ್ ಚಾಂಪಿಯನ್ನರ ಹಿಂದೆ ನಿಂತ ಕೋಚ್‌ಗಳಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು?

ಹೊಸ ಗ್ಲೌಸ್:
ಅಲಿ, ಫ್ರೇಜಿಯರ್, ಟೈಸನ್ ಅವರ ಹಳೆಯ ಪಂದ್ಯಗಳನ್ನು ಹುಡುಕಿ ಹುಡುಕಿ ನೋಡ್ತಿದ್ದೀನಿ. ಒಂದು ಅನುಮಾನ. ಹೊಡೆಯೋನೂ ಏಟು ತಿನ್ನೋನೂ ರಿಂಗ್ ಒಳಗೆ ಇರೋನೇ ತಾನೇ? ಹೊರಗೆ ನಿಂತ ಕೋಚ್‌ನಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ? ಆಗೋದಾದ್ರೆ ಎಲ್ಲರಿಗಿಂತ ದೊಡ್ಡವರು ಯಾರು?

ಎಡಗೈಯವ:
ಕಸ್ ಡಿಅಮಾಟೊ, ಎರಡು ಮಾತಿಲ್ಲ. 1956ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್ 21ನೇ ವಯಸ್ಸಿಗೇ ಹೆವಿವೇಟ್ (ಅತಿ ಭಾರದವರ ವಿಭಾಗ) ಚಾಂಪಿಯನ್ ಆದ. ಆ ದಾಖಲೆ ಮುರಿದಿದ್ದು 1986ರಲ್ಲಿ 20ರ ಹುಡುಗ ಟೈಸನ್. ಇಬ್ಬರೂ ಕಸ್ ಅವರ ಕೈಯಲ್ಲಿ ಪಳಗಿದವರು. ಎರಡೂ ಕೈ ಕೆನ್ನೆಗೆ ಒತ್ತಿ, ತಲೆ ಆಡಿಸ್ತಾ ಒಳಗೆ ನುಗ್ಗೋ ಪೀಕಬೂ ಶೈಲಿ ಇಬ್ಬರಲ್ಲೂ ಕಾಣುತ್ತೆ. ಟೈಸನ್ ಚಾಂಪಿಯನ್ ಬೆಲ್ಟ್ ಗೆದ್ದಾಗ ಕಸ್ ತೀರಿಕೊಂಡು ಒಂದು ವರ್ಷ ಆಗಿತ್ತು. ನೆನೆದರೆ ಈಗಲೂ ಸಂಕಟ.

ಕಾರ್ನರ್ ಬಕೆಟ್:
ನಾನು ಕೆಲವು ವರ್ಷ ಅಮೆಚೂರ್ ಹುಡುಗರ ಕಾರ್ನರ್‌ನಲ್ಲಿ, ಅಂದ್ರೆ ರೌಂಡ್ ಮುಗಿದಾಗ ಅವರು ಬಂದು ಕೂರೋ ರಿಂಗಿನ ಮೂಲೆಯಲ್ಲಿ, ನೀರು, ಟವೆಲ್ ಹಿಡಿದು ನಿಂತವನು. ರೌಂಡ್‌ಗಳ ನಡುವೆ ಸಿಗೋದು ಒಂದೇ ನಿಮಿಷ. ಹುಡುಗ ಸ್ಟೂಲ್ ಮೇಲೆ ಕೂತು ಉಸಿರು ಹಿಡಿಯೋಷ್ಟರಲ್ಲಿ ಅರ್ಧ ಮುಗಿದಿರುತ್ತೆ. ಉಳಿದಿದ್ದರಲ್ಲಿ ಒಂದು ಮಾತು ಅವನ ತಲೆಗೆ ಹೋದರೆ ಹೆಚ್ಚು. ಕೋಚ್‌ಗಳನ್ನು ನಾನು ಅಳೆಯೋದು ಆ ನಿಮಿಷದಲ್ಲೇ.

1964, ಮಯಾಮಿ ಬೀಚ್. ಅಲಿಗೆ ಆಗ 22, ಹೆಸರು ಇನ್ನೂ ಕ್ಯಾಸಿಯಸ್ ಕ್ಲೇ, ಎದುರಿಗೆ ಚಾಂಪಿಯನ್ ಸನ್ನಿ ಲಿಸ್ಟನ್. ನಾಲ್ಕನೇ ರೌಂಡ್ ಮುಗಿಸಿ ಬಂದವನಿಗೆ ಕಣ್ಣು ಉರಿ, ಏನೂ ಕಾಣ್ತಿಲ್ಲ, ಗ್ಲೌಸ್ ಕತ್ತರಿಸಿ ತೆಗೀರಿ ಅಂತಿದ್ದಾನೆ. ಅವನ ಕೋಚ್ ಆಂಜೆಲೊ ಡಂಡಿ ಸ್ಪಂಜಿನಿಂದ ಕಣ್ಣು ತೊಳೆದರು, ಓಡ್ತಾ ಇರು ಅಂದರು, ರಿಂಗಿಗೆ ತಳ್ಳಿದರು. ಐದನೇ ರೌಂಡ್ ತಪ್ಪಿಸಿಕೊಂಡೇ ಕಳೆಯುವಷ್ಟರಲ್ಲಿ ಕಣ್ಣು ತಿಳಿಯಾಯ್ತು. ಏಳನೇ ರೌಂಡಿಗೆ ಲಿಸ್ಟನ್ ಸ್ಟೂಲ್ ಬಿಟ್ಟು ಏಳಲೇ ಇಲ್ಲ.

ಆದರೆ ನನ್ನ ಆಯ್ಕೆ ಎಡ್ಡಿ ಫಚ್. ಡೆಟ್ರಾಯಿಟ್‌ನಲ್ಲಿ ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೋ ಲೂಯಿಸ್ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿ ಬೆಳೆದವರು. ಅಲಿ ಜ್ಯಾಬ್ (ಮುಂದಿನ ಕೈಯ ನೇರ ಏಟು) ಹೊಡೆಯುವಾಗ ಬಲಗೈ ಮುಖ ಕಾಯಬೇಕಾದ ಜಾಗದಲ್ಲಿ ಇರಲ್ಲ ಅಂತ ಗುರುತಿಸಿ, ಅದೇ ಕ್ಷಣಕ್ಕೆ ನೀನೂ ಜ್ಯಾಬ್ ಹೊಡಿ ಅಂತ ಅಲಿ ಎದುರು ಆಡಲಿದ್ದ ಕೆನ್ ನಾರ್ಟನ್‌ಗೆ ಕಲಿಸಿದರು. 1973ರಲ್ಲಿ ನಾರ್ಟನ್ ಗೆದ್ದ. ಅಲಿಯ ದವಡೆಯೇ ಮುರಿದಿತ್ತು.

ಆಮೇಲೆ 1975ರ ಮನಿಲಾ, ಅಲಿ ಎದುರು ಫ್ರೇಜಿಯರ್. ಫಚ್ ಇದ್ದಿದ್ದು ಫ್ರೇಜಿಯರ್ ಕಾರ್ನರ್‌ನಲ್ಲಿ. ಹದಿನಾಲ್ಕು ರೌಂಡ್ ಆಗಿದೆ, ಇನ್ನೊಂದೇ ಬಾಕಿ. ಫ್ರೇಜಿಯರ್ ಮುಖ ಊದಿಕೊಂಡು ಬರ್ತಿರೋ ಏಟು ಕಾಣದ ಸ್ಥಿತಿ. ಫಚ್ ನಿಲ್ಲಿಸಿಬಿಟ್ಟರು. ಕೂತ್ಕೋ ಮಗನೇ, ಮುಗೀತು, ಇವತ್ತು ನೀನು ಮಾಡಿದ್ದನ್ನ ಯಾರೂ ಮರೆಯಲ್ಲ ಅಂದರು. ಎದುರಿಗೆ ಅಲಿಯೂ ಕುಸಿದುಬೀಳೋ ಹಾಗಿದ್ದ. ಆದರೆ ಫಚ್ ನೋಡ್ತಿದ್ದಿದ್ದು ತಮ್ಮ ಹುಡುಗನನ್ನು ಮಾತ್ರ.

ಹೊಸ ಗ್ಲೌಸ್:
ಇದು ಗೊತ್ತಿರಲಿಲ್ಲ ಸರ್. ಫ್ರೇಜಿಯರ್ ಒಪ್ಪಿದನಾ?

ಕಾರ್ನರ್ ಬಕೆಟ್:
ಇಲ್ಲ. ಇನ್ನೂ ಆಡ್ತೀನಿ ಅಂತಲೇ ಹಟ ಮಾಡಿದ. ಯಾವ ಬಾಕ್ಸರೂ ಒಪ್ಪಲ್ಲ. ನಾನೂ ಒಮ್ಮೆ, ಸೋಲು ಒಪ್ಪಿ ಪಂದ್ಯ ನಿಲ್ಲಿಸಿ ಅಂತ, ರಿಂಗಿಗೆ ಟವೆಲ್ ಎಸೆದಿದ್ದೆ. ಗೆಲ್ಲಬಹುದಾಗಿದ್ದ ಪಂದ್ಯ ಅಂತ ಆ ಹುಡುಗ ಮೂರು ವಾರ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೇ ವಾರ ಬಂದ, ಗ್ಲೌಸ್ ಒಳಗೆ ಕೈಗೆ ಸುತ್ತೋ ಬ್ಯಾಂಡೇಜ್ ಸುರುಳಿ ನನ್ನ ಕೈಗಿಟ್ಟು, ಸುತ್ತಿ ಅಂತ ಎರಡೂ ಕೈ ಮುಂದೆ ಚಾಚಿದ.