ಸಹಾಯ ಬೇಕು: ಸಿಟ್ಟಿನ ಹೊತ್ತಿನಲ್ಲೂ ಯೋಚಿಸಿ ಮಾತನಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ (ಕಾರ್ಮಿಕರ ಕೆಲಸ, ಕೂಲಿಯ ಲೆಕ್ಕ ಬರೆಯುವ ಕೆಲಸ) ಆಗಿದ್ದೇನೆ. ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹಣ್ಣಿನ ತೂಕ ಹಾಕುವಾಗ ಮತ್ತು ಕೂಲಿ ಬಟವಾಡೆಯ ದಿನ ಲೆಕ್ಕದ ವಿಷಯಕ್ಕೆ ವಾದ ಬಂದೇ ಬರುತ್ತದೆ. ಕಾರ್ಮಿಕರ ಪ್ರಶ್ನೆ ಬಹುಪಾಲು ನ್ಯಾಯವಾದದ್ದೇ ಆಗಿರುತ್ತದೆ. ಆದರೂ ನಾಲ್ಕು ಜನರ ಎದುರು ಯಾರಾದರೂ ದನಿ ಏರಿಸಿದೊಡನೆ ನನ್ನ ಎದೆ ಹೊಡೆದುಕೊಂಡು, ಕೈ ನಡುಗಿ, ಎದುರಿಗಿರುವ ಪುಸ್ತಕದ ಅಂಕಿಗಳೇ ತಲೆಗೆ ಹತ್ತದಂತಾಗುತ್ತದೆ.

ಸಿಟ್ಟು ಬಂದಾಗ ಅಡ್ರಿನಲಿನ್ ಹೆಚ್ಚಿ ದೇಹ ಜಗಳಕ್ಕೆ ಸಿದ್ಧವಾಗುತ್ತದೆ, ಆಗ ಮಿದುಳಿನ ಮುಂಭಾಗದ ವಿವೇಚನೆಯ ಕೆಲಸ ಹಿಂದೆ ಬೀಳುತ್ತದೆ, ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ ಎಂಬುದನ್ನು ಓದಿ ತಿಳಿದಿದ್ದೇನೆ. ಮನೆಯಲ್ಲಿ ಕುಳಿತು ಅಭ್ಯಾಸ ಮಾಡಿದಾಗ ಇದು ಚೆನ್ನಾಗಿಯೇ ಆಗುತ್ತದೆ. ತೂಕದ ಸಾಲಿನಲ್ಲಿ ಜನ ಕಾಯುತ್ತಿರುವಾಗ ಎದ್ದು ಹೋಗುವಂತಿಲ್ಲ, ಕಣ್ಣು ಮುಚ್ಚಿ ಕೂರುವಂತೆಯೂ ಇಲ್ಲ. (ಹತ್ತರವರೆಗೆ ಎಣಿಸಿ ಎನ್ನುವವರು ಬಟವಾಡೆ ಮಾಡಿದವರಲ್ಲವೆಂದು ತೋರುತ್ತದೆ.)

ಜನರೊಡನೆ ವ್ಯವಹರಿಸುವ ಕೆಲಸದಲ್ಲಿರುವವರು, ಅಂದರೆ ಬಸ್ ನಿರ್ವಾಹಕರು, ಶಿಕ್ಷಕರು, ಪಡಿತರ ಅಂಗಡಿಯವರು, ಆ ಕ್ಷಣದಲ್ಲಿ ನಿಜವಾಗಿ ಏನು ಮಾಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ. ಉತ್ತರವನ್ನು ಮರುದಿನಕ್ಕೆ ಮುಂದೂಡಿದರೆ ಕಾರ್ಮಿಕರಿಗೆ ಅನುಮಾನ ಬರದಂತೆ ಹೇಗೆ ಹೇಳುವುದು? ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಇಂಥ ವಿಷಯಕ್ಕಾಗಿ ಕರೆ ಮಾಡಿದವರಿದ್ದರೆ, ಅಥವಾ ಹಾಸನದಲ್ಲಿ ಆಪ್ತಸಮಾಲೋಚನೆ ಪಡೆದವರಿದ್ದರೆ, ಅದರಿಂದ ಪ್ರಯೋಜನವಾಯಿತೇ ಎಂಬುದನ್ನೂ ಬರೆಯಿರಿ.